ಮುಕ್ತ ತಂತ್ರಾಂಶದ ಹೊಸ ಆವೃತ್ತಿ: ಬಳಕೆದಾರರೇ ನಡೆಸುವ ಪರೀಕ್ಷೆ ಮತ್ತು ವರ್ತಕರು ತಿಳಿಯಬೇಕಾದ ಅಂಶಗಳು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ ದೊರೆಯುವ ಸೀಮಿತ ಅವಧಿಯ ಭದ್ರತಾ ಪರಿಷ್ಕರಣೆಗಳನ್ನು ಹೊರತುಪಡಿಸಿದರೆ, ಅಂದಿನಿಂದ ಆ ವ್ಯವಸ್ಥೆಯುಳ್ಳ ಗಣಕಯಂತ್ರಗಳಿಗೆ ಹೊಸ ರಕ್ಷಣೆ ಇಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಾಗೂ ಇತ್ತೀಚಿನ ತಲೆಮಾರಿನ ಪ್ರೊಸೆಸರ್ ಅಗತ್ಯವಾದುದರಿಂದ, ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ ಅನೇಕ ಹಳೆಯ ಯಂತ್ರಗಳು ಆ ಮೇಲ್ದರ್ಜೆಗೆ ಅರ್ಹವಾಗುವುದಿಲ್ಲ. ಹೊಸ ಗಣಕಗಳಿಗಾಗಿ ಬಂಡವಾಳ ಹೂಡುವುದೋ, ರಕ್ಷಣೆಯಿಲ್ಲದ ಯಂತ್ರದಲ್ಲಿಯೇ ಮುಂದುವರಿಯುವುದೋ ಅಥವಾ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶಕ್ಕೆ ಬದಲಾಗುವುದೋ ಎಂಬ ಪ್ರಶ್ನೆ ಸಣ್ಣ ವರ್ತಕರು ಮತ್ತು ಉದ್ದಿಮೆದಾರರ ಮುಂದೆ ನಿಂತಿದೆ.

ಮೂರನೆಯ ಮಾರ್ಗವನ್ನು ಆಲೋಚಿಸುವವರಲ್ಲಿ ಸಹಜವಾಗಿ ಏಳುವ ಸಂದೇಹ ಒಂದೇ. ಬೆಲೆಯಿಲ್ಲದೆ ದೊರೆಯುವ ತಂತ್ರಾಂಶವನ್ನು ಬಿಡುಗಡೆಗೆ ಮುನ್ನ ಪರೀಕ್ಷಿಸುವವರು ಯಾರು? ಆ ಪರೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಲೆಕ್ಕಪತ್ರಗಳನ್ನು ಒಂದು ಯಂತ್ರಕ್ಕೆ ಒಪ್ಪಿಸುವವರು ಈ ಪ್ರಶ್ನೆಗೆ ಉತ್ತರ ಪಡೆಯದೆ ಮುಂದುವರಿಯಬಾರದು. ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್‌ಗಳಲ್ಲಿ ಪ್ರಮುಖವಾದ ಕೆಡಿಇ ಯೋಜನೆಯು ತನ್ನ ಆವೃತ್ತಿಗಳನ್ನು ಬಳಕೆದಾರರ ಸಮುದಾಯದ ಮೂಲಕ ಪರೀಕ್ಷಿಸುವ ಬಗೆಯನ್ನು, ಅದರ ಬಲ ಮತ್ತು ಮಿತಿಗಳೊಡನೆ, ಇಲ್ಲಿ ವಿವರಿಸಲಾಗಿದೆ.

ಡೆಸ್ಕ್‌ಟಾಪ್ ವ್ಯವಸ್ಥೆ ಎಂದರೇನು?

ಗಣಕಯಂತ್ರವನ್ನು ಚಾಲನೆ ಮಾಡಿದೊಡನೆ ಪರದೆಯ ಮೇಲೆ ಕಾಣುವ ಕಿಟಕಿಗಳು, ಪಟ್ಟಿಗಳು, ಕಡತಗಳನ್ನು ತೆರೆಯುವ ಸಾಧನ, ಮುದ್ರಕ ಹಾಗೂ ಅಂತರಜಾಲ ಸಂಪರ್ಕಗಳ ಹೊಂದಾಣಿಕೆ ಇವೆಲ್ಲವೂ ಸೇರಿ ಡೆಸ್ಕ್‌ಟಾಪ್ ವ್ಯವಸ್ಥೆ ಎನಿಸಿಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಇದು ಕಾರ್ಯಾಚರಣಾ ವ್ಯವಸ್ಥೆಯಿಂದ ಬೇರ್ಪಡಿಸಲಾಗದ ಭಾಗ. ಲಿನಕ್ಸ್‌ನಲ್ಲಿ ಹಾಗಲ್ಲ. ಒಳಗಿನ ತಿರುಳು ಒಂದು ತಂಡದ ಕೆಲಸವಾದರೆ, ಡೆಸ್ಕ್‌ಟಾಪ್ ಮತ್ತೊಂದು ತಂಡದ್ದು. ಇವೆರಡನ್ನೂ ಸಾವಿರಾರು ಇತರ ಭಾಗಗಳೊಡನೆ ಜೋಡಿಸಿ ಬಳಕೆದಾರರಿಗೆ ತಲುಪಿಸುವುದು ವಿತರಣಾ ಸಂಸ್ಥೆಗಳ ಹೊಣೆ. ಫೆಡೋರಾ, ಡೆಬಿಯನ್, ಉಬುಂಟು, ಓಪನ್‌ಸೂಸೆ ಇಂತಹ ವಿತರಣೆಗಳು. ವಾಣಿಜ್ಯದ ಮಾತಿನಲ್ಲಿ ಹೇಳುವುದಾದರೆ ಕೆಡಿಇ ಉತ್ಪಾದಕ, ವಿತರಣಾ ಸಂಸ್ಥೆ ಸಗಟು ವ್ಯಾಪಾರಿ. ಈ ವ್ಯತ್ಯಾಸವನ್ನು ನೆನಪಿನಲ್ಲಿಡುವುದು ಅವಶ್ಯಕ; ಮುಂದೆ ಬರುವ ಹಲವು ಸಂಗತಿಗಳು ಇದರ ಮೇಲೆ ನಿಂತಿವೆ.

ಕೆಡಿಇ ಯೋಜನೆಯನ್ನು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್ ಅವರು 1996ರ ಅಕ್ಟೋಬರ್ 14ರಂದು ಪ್ರಕಟಿಸಿದರು. ಸರಿಯಾಗಿ 29 ವರ್ಷಗಳ ಅನಂತರ ಅದೇ ದಿನಾಂಕದಂದು ವಿಂಡೋಸ್ 10ರ ಬೆಂಬಲ ಕೊನೆಗೊಂಡದ್ದು ಕಾಕತಾಳೀಯ. ಕೆಡಿಇಯ ಮೊದಲ ಪೂರ್ಣ ಆವೃತ್ತಿ 1998ರ ಜುಲೈನಲ್ಲಿ ಹೊರಬಂದಿತು. ಯೋಜನೆಯ ಹಣಕಾಸು ಹಾಗೂ ಕಾನೂನು ವ್ಯವಹಾರಗಳನ್ನು ಕೆಡಿಇ ಇ.ವಿ. ಎಂಬ, ಜರ್ಮನಿಯಲ್ಲಿ ನೋಂದಾಯಿತವಾದ ಲಾಭರಹಿತ ಸಂಘವು ನೋಡಿಕೊಳ್ಳುತ್ತದೆ. ಕೆಲವು ಕಂಪನಿಗಳು ವೇತನ ನೀಡಿ ತಂತ್ರಜ್ಞರನ್ನು ಈ ಕೆಲಸಕ್ಕೆ ನಿಯೋಜಿಸಿವೆಯಾದರೂ, ಬಹುಪಾಲು ಕೆಲಸ ಸ್ವಯಂಸೇವಕರಿಂದಲೇ ನಡೆಯುತ್ತದೆ.

ಖಾತರಿ ಯಾರದು?

ಇಂತಹ ತಂತ್ರಾಂಶಗಳನ್ನು ಹೆಚ್ಚಾಗಿ ಜಿಪಿಎಲ್ ಮತ್ತು ಅದಕ್ಕೆ ಸಮೀಪದ ಪರವಾನಗಿಗಳ ಅಡಿಯಲ್ಲಿ ನೀಡಲಾಗುತ್ತದೆ. ಬಳಸುವ, ನಕಲು ಮಾಡುವ, ತಿದ್ದುವ ಹಾಗೂ ಹಂಚುವ ಸ್ವಾತಂತ್ರ್ಯವನ್ನು ಈ ಪರವಾನಗಿ ಕೊಡುತ್ತದೆ. ಅದರ ಜೊತೆಯಲ್ಲಿಯೇ, ಕಾನೂನು ಅವಕಾಶ ನೀಡುವ ಮಟ್ಟಿಗೆ ಯಾವ ಖಾತರಿಯೂ ಇಲ್ಲವೆಂದೂ, ಗುಣಮಟ್ಟ ಹಾಗೂ ಕಾರ್ಯಕ್ಷಮತೆಯ ಅಪಾಯ ಬಳಕೆದಾರನದೇ ಎಂದೂ ಸ್ಪಷ್ಟಪಡಿಸುತ್ತದೆ. ಹಣ ತೆತ್ತು ಕೊಳ್ಳುವ ತಂತ್ರಾಂಶಗಳ ಪರವಾನಗಿಗಳಲ್ಲಿಯೂ ಹೊಣೆಯನ್ನು ಮಿತಿಗೊಳಿಸುವ ಷರತ್ತುಗಳು ಇದ್ದೇ ಇರುತ್ತವೆ. ಆದರೆ ಅಲ್ಲಿ ದೂರಲು ಒಬ್ಬ ಮಾರಾಟಗಾರನಾದರೂ ಇರುತ್ತಾನೆ.

ಮುಕ್ತ ತಂತ್ರಾಂಶದಲ್ಲಿ ಖಾತರಿಯ ಸ್ಥಾನವನ್ನು ತುಂಬುವುದು ಪಾರದರ್ಶಕತೆ. ತಂತ್ರಾಂಶದ ಮೂಲ ಬರಹ, ಅದರಲ್ಲಿ ಕಂಡುಬಂದ ದೋಷಗಳ ಪಟ್ಟಿ, ಆ ದೋಷಗಳ ಕುರಿತ ಚರ್ಚೆ, ಸರಿಪಡಿಸಿದ ದಿನಾಂಕ ಎಲ್ಲವೂ ಸಾರ್ವಜನಿಕ. ಕೊಡುವ ಸಾಲಕ್ಕೆ ಜಾಮೀನು ಇಲ್ಲದಿದ್ದರೂ, ಸಾಲಗಾರನ ವಹಿಗಳನ್ನೆಲ್ಲ ತೆರೆದು ನೋಡುವ ಅವಕಾಶವಿದ್ದಂತೆ. ನೋಡುವವರು ಇದ್ದರೆ ಮಾತ್ರ ಆ ಅವಕಾಶಕ್ಕೆ ಬೆಲೆ. ಸಾಮುದಾಯಿಕ ಪರೀಕ್ಷೆಯ ಮಹತ್ವ ಇರುವುದು ಇಲ್ಲಿಯೇ.

2008ರ ಪಾಠ

ಪರೀಕ್ಷೆ ಪಕ್ವವಾಗುವ ಮುನ್ನ ಸರಕು ಪೇಟೆಗೆ ಬಂದರೆ ಏನಾಗುತ್ತದೆ ಎಂಬುದನ್ನು ಕೆಡಿಇ ತನ್ನ ಅನುಭವದಿಂದಲೇ ಕಲಿತಿದೆ. 2008ರ ಜನವರಿ 11ರಂದು ಕೆಡಿಇ 4.0 ಬಿಡುಗಡೆಯಾಯಿತು. ಒಳಗಿನ ರಚನೆಯನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಲಾಗಿತ್ತು. ಇದು ಮುಂದಿನ ಬೆಳವಣಿಗೆಗೆ ಅಡಿಪಾಯವೇ ಹೊರತು, ಹಿಂದಿನ 3.5ರ ಎಲ್ಲ ಅನುಕೂಲಗಳೂ ಇದರಲ್ಲಿ ಇನ್ನೂ ಬಂದಿಲ್ಲವೆಂಬುದು ತಂತ್ರಜ್ಞರ ನಿಲುವಾಗಿತ್ತು. ಆದರೆ ಪೂರ್ಣ ಸಂಖ್ಯೆಯ ಆವೃತ್ತಿಯೆಂದರೆ ಸಿದ್ಧವಾದ ಸರಕೆಂದೇ ಜನಸಾಮಾನ್ಯರು ತಿಳಿಯುತ್ತಾರೆ. ಕೆಲವು ವಿತರಣಾ ಸಂಸ್ಥೆಗಳೂ ಹಾಗೆಯೇ ಅದನ್ನು ತಲುಪಿಸಿದವು. 2008ರ ಮೇ ತಿಂಗಳಲ್ಲಿ ಬಂದ ಫೆಡೋರಾ 9ರಲ್ಲಿ ಹಳೆಯ 3.5ರ ಬದಲು 4.0 ಸ್ಥಾನ ಪಡೆಯಿತು.

ಪರಿಣಾಮವಾಗಿ ದಿನನಿತ್ಯದ ಕೆಲಸಕ್ಕೆ ಕೆಡಿಇಯನ್ನು ನಂಬಿದ್ದ ಬಳಕೆದಾರರು ಅಸಮಾಧಾನಗೊಂಡರು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರೇ ಕೆಡಿಇಯನ್ನು ತೊರೆದು, ಅದರ ಪ್ರತಿಸ್ಪರ್ಧಿಯಾದ ಗ್ನೋಮ್ ಡೆಸ್ಕ್‌ಟಾಪ್‌ಗೆ ಬದಲಾದುದಾಗಿ 2009ರ ಆರಂಭದಲ್ಲಿ ಸಂದರ್ಶನವೊಂದರಲ್ಲಿ ತಿಳಿಸಿದರು. ಸಾಮಾನ್ಯ ಬಳಕೆದಾರರು ಒಪ್ಪುವಂತಹ ಸ್ಥಿತಿಗೆ ಆ ಸರಣಿ ತಲುಪಿದುದು 2009ರ ಜನವರಿಯ 4.2ರ ವೇಳೆಗೆ, ಅಂದರೆ ಒಂದು ವರ್ಷದ ಅನಂತರ. ಕಳೆದುಕೊಂಡ ಗಿರಾಕಿಯನ್ನು ಮರಳಿ ಪಡೆಯುವುದು ಹೊಸ ಗಿರಾಕಿಯನ್ನು ಸಂಪಾದಿಸುವುದಕ್ಕಿಂತ ಕಷ್ಟವೆಂಬುದನ್ನು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ.

ಹದಿನಾರು ವಾರಗಳ ಪರೀಕ್ಷೆ

ಹದಿನಾರು ವರ್ಷಗಳ ಬಳಿಕ ಅದೇ ಪ್ರಮಾಣದ ಮತ್ತೊಂದು ಬದಲಾವಣೆ ಎದುರಾದಾಗ ಯೋಜನೆಯು ಬೇರೆ ಹಾದಿ ಹಿಡಿಯಿತು. ಪ್ಲಾಸ್ಮಾ 6 ಎಂಬ ಹೊಸ ಆವೃತ್ತಿ ಕ್ಯೂಟಿ 6 ಎಂಬ ಹೊಸ ತಳಹದಿಯ ಮೇಲೆ ನಿಂತಿತು. ಪರದೆಯ ಮೇಲೆ ಚಿತ್ರ ಮೂಡಿಸುವ ವಿಧಾನವೂ ಬದಲಾಯಿತು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯ ಬದಲು, 2008ರಲ್ಲಿ ಆರಂಭವಾದ ವೇಲ್ಯಾಂಡ್ ವಿಧಾನವು ಸಹಜ ಆಯ್ಕೆಯಾಯಿತು. ಹೊಸ ಗಾತ್ರವೇನೂ ಕಣ್ಣಿಗೆ ಕಾಣದಿದ್ದರೂ, ಕಟ್ಟಡದ ತಳಪಾಯವನ್ನೇ ಬದಲಿಸಿದಂತಹ ಕೆಲಸವಿದು.

ಇದರ ಪರೀಕ್ಷೆಯನ್ನು ಹಂತಹಂತವಾಗಿ ನಡೆಸಲಾಯಿತು:

1. 2023ರ ನವೆಂಬರ್ 8: ಆಲ್ಫಾ ಆವೃತ್ತಿ. ದೋಷಗಳು ಇರುವುದು ಖಚಿತವೆಂದು ತಿಳಿದೇ ಪರೀಕ್ಷಿಸುವವರಿಗಾಗಿ ಹೊರತಂದದ್ದು.
2. ನವೆಂಬರ್ 29 ಮತ್ತು ಡಿಸೆಂಬರ್ 20: ಮೊದಲ ಹಾಗೂ ಎರಡನೆಯ ಬೀಟಾ ಆವೃತ್ತಿಗಳು. ಈ ಹಂತದಲ್ಲಿ ಗಮನವೆಲ್ಲ ದೋಷ ನಿವಾರಣೆಯ ಕಡೆಗೆ.
3. 2024ರ ಜನವರಿ 10 ಮತ್ತು ಜನವರಿ 31: ಬಿಡುಗಡೆಗೆ ಅರ್ಹವೆಂದು ಭಾವಿಸಿದ ಎರಡು ಕರಡು ಆವೃತ್ತಿಗಳು.
4. ಫೆಬ್ರವರಿ 28: ಅಂತಿಮ ಬಿಡುಗಡೆ.

ಆಲ್ಫಾದಿಂದ ಅಂತಿಮ ಬಿಡುಗಡೆಯವರೆಗೆ 112 ದಿನಗಳು, ಅಂದರೆ ಸರಿಯಾಗಿ 16 ವಾರಗಳು. ಈ ಅವಧಿಯಲ್ಲಿ ಹೊಸ ಸೌಲಭ್ಯಗಳ ಸೇರ್ಪಡೆಯನ್ನು ಒಂದು ದಿನಾಂಕಕ್ಕೆ ನಿಲ್ಲಿಸಲಾಗುತ್ತದೆ. ಪರದೆಯ ಮೇಲೆ ಕಾಣುವ ಪದಗಳ ಬದಲಾವಣೆಯನ್ನೂ ಮತ್ತೊಂದು ದಿನಾಂಕಕ್ಕೆ ನಿಲ್ಲಿಸಲಾಗುತ್ತದೆ. ಮೊದಲನೆಯದರಿಂದ ಪರೀಕ್ಷಕರಿಗೂ, ಎರಡನೆಯದರಿಂದ ಅನುವಾದಕರಿಗೂ ಕಾಲಾವಕಾಶ ದೊರೆಯುತ್ತದೆ. ವರ್ಷಾಂತ್ಯದ ದಾಸ್ತಾನು ಎಣಿಕೆಯ ದಿನ ಗೋದಾಮಿನ ಒಳಬರುವ ಹಾಗೂ ಹೊರಹೋಗುವ ಸರಕನ್ನು ತಡೆಹಿಡಿಯುವ ಕ್ರಮವನ್ನು ಇದಕ್ಕೆ ಹೋಲಿಸಬಹುದು. ಸರಕು ಓಡಾಡುತ್ತಲೇ ಇದ್ದರೆ ಎಣಿಕೆ ಎಂದೂ ತಾಳೆಯಾಗದು.

ಯಂತ್ರ ಮಾಡುವ ಪರೀಕ್ಷೆ ಸಾಲದೇ?

ತಂತ್ರಜ್ಞರು ಬರೆದ ಪ್ರತಿಯೊಂದು ಬದಲಾವಣೆಯನ್ನು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆಗಳು ಇವೆ. ಇವುಗಳಿಂದ ಅಪಾರ ಪ್ರಯೋಜನವಿದೆ. ಆದರೂ ಇವು ತಾಳೆಪಟ್ಟಿಯಿದ್ದಂತೆ. ತಾಳೆಪಟ್ಟಿಯ ಎರಡೂ ಬದಿಯ ಮೊತ್ತ ಸಮವಾದ ಮಾತ್ರಕ್ಕೆ ಲೆಕ್ಕವೆಲ್ಲ ಸರಿಯೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಬರೆಯದೇ ಬಿಟ್ಟ ವ್ಯವಹಾರ, ತಪ್ಪು ಖಾತೆಗೆ ಸೇರಿಸಿದ ಮೊಬಲಗು, ಒಂದನ್ನೊಂದು ಸರಿದೂಗಿಸುವ ಎರಡು ತಪ್ಪುಗಳು ಅದರಲ್ಲಿ ಕಾಣುವುದಿಲ್ಲ. ಹಾಗೆಯೇ ಯಂತ್ರ ನಡೆಸುವ ಪರೀಕ್ಷೆಯು ಮೊದಲೇ ಊಹಿಸಿದ ತಪ್ಪನ್ನು ಮಾತ್ರ ಹಿಡಿಯುತ್ತದೆ.

ಡೆಸ್ಕ್‌ಟಾಪ್‌ನ ದೋಷಗಳು ಬಹುಮಟ್ಟಿಗೆ ಊಹೆಗೆ ನಿಲುಕದ ಜೋಡಣೆಗಳಲ್ಲಿ ಹುಟ್ಟುತ್ತವೆ. ಒಂದು ಮಾದರಿಯ ಗ್ರಾಫಿಕ್ಸ್ ಕಾರ್ಡ್, ಹತ್ತು ವರ್ಷ ಹಳೆಯ ಮಾನಿಟರ್, ಅದಕ್ಕೆ ಜೋಡಿಸಿದ ಎರಡನೆಯ ಪರದೆ, ಒಂದು ಬಾರ್‌ಕೋಡ್ ಓದುವ ಯಂತ್ರ ಇವೆಲ್ಲ ಒಂದೇ ಮೇಜಿನ ಮೇಲೆ ಇರುವುದು ತಂತ್ರಜ್ಞನ ಕೊಠಡಿಯಲ್ಲಿ ಅಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ಎನ್‌ವಿಡಿಯಾ ಕಾರ್ಡ್‌ಗಳಿದ್ದ ಯಂತ್ರಗಳಲ್ಲಿ ವೇಲ್ಯಾಂಡ್ ವಿಧಾನದಡಿ ಪರದೆ ಮಿನುಗುವ ತೊಂದರೆಯನ್ನು ಅನೇಕ ಬಳಕೆದಾರರು ಅನುಭವಿಸಿದರು. ಅದರ ಪರಿಹಾರಕ್ಕೆ ಡೆಸ್ಕ್‌ಟಾಪ್‌ನ ಕಡೆಯಿಂದ ಬೇಕಾಗಿದ್ದ ಏರ್ಪಾಡು 2024ರ ಜೂನ್ 18ರಂದು ಬಂದ ಪ್ಲಾಸ್ಮಾ 6.1ರಲ್ಲಿ ಸೇರಿತು. ಕಾರ್ಡ್ ತಯಾರಕರ ಚಾಲಕ ತಂತ್ರಾಂಶದಲ್ಲಿಯೂ ತಕ್ಕ ಬದಲಾವಣೆ ಆಗಬೇಕಾಯಿತು.

ಈ ಕಾರಣದಿಂದಲೇ ವಿತರಣಾ ಸಂಸ್ಥೆಗಳೂ ತಮ್ಮದೇ ಪರೀಕ್ಷೆ ನಡೆಸುತ್ತವೆ. ಫೆಡೋರಾ ಯೋಜನೆಯು ಪರೀಕ್ಷಾ ದಿನಗಳನ್ನು ಏರ್ಪಡಿಸುವ ಪದ್ಧತಿ ಇಟ್ಟುಕೊಂಡಿದೆ. ಅಂದು ಮಾಡಬೇಕಾದ ಪರೀಕ್ಷೆಗಳ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಲಾಗುತ್ತದೆ. ಭಾಗವಹಿಸಿದವರು ಪ್ರತಿಯೊಂದು ಬಾಬಿನ ಎದುರು ತಮ್ಮ ಯಂತ್ರದ ವಿವರ ಹಾಗೂ ಫಲಿತಾಂಶವನ್ನು ದಾಖಲಿಸುತ್ತಾರೆ. ಬಿಡುಗಡೆಯ ಮುನ್ನಾ ದಿನಗಳಲ್ಲಿ ಒಂದು ನಿರ್ಣಾಯಕ ಸಭೆ ಸೇರುತ್ತದೆ. ಬಿಡುಗಡೆಯನ್ನು ತಡೆಯುವಷ್ಟು ಗಂಭೀರವೆಂದು ಒಪ್ಪಿದ ದೋಷವೊಂದು ಉಳಿದಿದ್ದರೆ ದಿನಾಂಕವನ್ನು ಮುಂದೂಡಲಾಗುತ್ತದೆ. ಪ್ಲಾಸ್ಮಾ 6 ಅನ್ನು ಒಳಗೊಂಡ ಫೆಡೋರಾ 40, ಕೆಡಿಇಯ ಬಿಡುಗಡೆಯಾಗಿ ಸುಮಾರು ಎಂಟು ವಾರಗಳ ಅನಂತರ, 2024ರ ಏಪ್ರಿಲ್ 23ರಂದು ಹೊರಬಂದಿತು.

ದೋಷ ವರದಿ ಎಂಬ ದಾಖಲೆ

ಪರೀಕ್ಷಕನಾಗಲು ತಂತ್ರಜ್ಞಾನದ ಪದವಿ ಬೇಕಿಲ್ಲ. ಪೆನ್ ಡ್ರೈವ್‌ನಿಂದಲೇ ಚಾಲನೆಗೊಳ್ಳುವ ಪ್ರತಿಗಳು ದೊರೆಯುತ್ತವೆ. ಗಣಕದ ಹಾರ್ಡ್ ಡಿಸ್ಕ್‌ಗೆ ಅದನ್ನು ಅಳವಡಿಸದೆ ಹೊಸ ಆವೃತ್ತಿಯನ್ನು ನೋಡಬಹುದು. ಬೇಕಾಗಿರುವುದು ತಾಳ್ಮೆ ಮತ್ತು ನಿಖರವಾಗಿ ಬರೆಯುವ ಅಭ್ಯಾಸ.

ಉದಾಹರಣೆಗೆ, ಕೊಬ್ಬರಿ ಮಂಡಿಯ ಗುಮಾಸ್ತರೊಬ್ಬರು ಹೊಸ ಆವೃತ್ತಿಯಲ್ಲಿ ಬಿಲ್ಲನ್ನು ಮುದ್ರಿಸಲು ಹೊರಟಾಗ ಅರ್ಧ ಪುಟ ಮಾತ್ರ ಬಂದಿತೆಂದು ಭಾವಿಸೋಣ. ‘ಮುದ್ರಕ ಸರಿಯಿಲ್ಲ’ ಎಂದು ಬರೆದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಉಪಯುಕ್ತ ವರದಿಯಲ್ಲಿ ಕೆಳಗಿನ ಅಂಶಗಳು ಇರಬೇಕು:

1. ಡೆಸ್ಕ್‌ಟಾಪ್‌ನ ಹಾಗೂ ವಿತರಣೆಯ ಆವೃತ್ತಿ ಸಂಖ್ಯೆ. ಯಂತ್ರ, ಗ್ರಾಫಿಕ್ಸ್ ಕಾರ್ಡ್ ಮತ್ತು ಮುದ್ರಕದ ಮಾದರಿ.
2. ಮಾಡಿದ ಕ್ರಿಯೆಗಳು, ಒಂದಾದ ಮೇಲೊಂದರಂತೆ, ಬೇರೊಬ್ಬರು ಹಾಗೆಯೇ ಮಾಡಿ ನೋಡಲು ಸಾಧ್ಯವಾಗುವಂತೆ.
3. ನಿರೀಕ್ಷಿಸಿದ ಫಲ.
4. ನಿಜವಾಗಿ ಆದ ಫಲ.
5. ಪ್ರತಿಬಾರಿಯೂ ಹೀಗಾಗುವುದೋ, ಒಮ್ಮೊಮ್ಮೆ ಮಾತ್ರವೋ. ಹಳೆಯ ಆವೃತ್ತಿಯಲ್ಲಿ ಸರಿಯಿತ್ತೋ ಎಂಬ ವಿವರ.

ಬರೆಯುವ ಮುನ್ನ ಅದೇ ದೂರನ್ನು ಬೇರೆಯವರು ದಾಖಲಿಸಿದ್ದಾರೆಯೇ ಎಂದು ಹುಡುಕಬೇಕು. ಇದ್ದರೆ ಹೊಸದಾಗಿ ಬರೆಯದೆ ಅಲ್ಲಿಯೇ ತಮ್ಮ ವಿವರವನ್ನು ಸೇರಿಸಬೇಕು. ಗಿರಾಕಿಗಳ ಹೆಸರು, ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ವಿವರಗಳು ಕಾಣುವ ಪರದೆಯ ಚಿತ್ರವನ್ನು ಎಂದಿಗೂ ಲಗತ್ತಿಸಬಾರದು. ಈ ದಾಖಲೆಗಳು ಲೋಕಕ್ಕೆಲ್ಲ ತೆರೆದಿರುತ್ತವೆ.

ವರದಿ ಬಂದ ಮೇಲೆ ಮತ್ತೊಂದು ಸ್ವಯಂಸೇವಕರ ತಂಡ ಅದನ್ನು ಪರಿಶೀಲಿಸುತ್ತದೆ. ಬೇರೊಬ್ಬರ ಯಂತ್ರದಲ್ಲಿಯೂ ದೋಷ ಕಂಡುಬಂದರೆ ದೃಢಪಟ್ಟಿತೆಂದು ಗುರುತಿಸಲಾಗುತ್ತದೆ. ಗಾಂಭೀರ್ಯಕ್ಕೆ ಅನುಗುಣವಾಗಿ ದರ್ಜೆ ನಿಗದಿಯಾಗುತ್ತದೆ. ಮಾಹಿತಿ ಸಾಲದಿದ್ದರೆ ವರದಿ ನೀಡಿದವರನ್ನು ಕೇಳಲಾಗುತ್ತದೆ. ಸುಮಾರು 30 ದಿನಗಳವರೆಗೆ ಉತ್ತರ ಬಾರದಿದ್ದಲ್ಲಿ ಕೆಡಿಇಯಲ್ಲಿ ಆ ವರದಿ ತಾನಾಗಿಯೇ ಮುಕ್ತಾಯಗೊಳ್ಳುತ್ತದೆ. ತೆರಿಗೆ ಇಲಾಖೆಯ ನೋಟೀಸಿಗೆ ಉತ್ತರ ಕೊಡದಿದ್ದರೆ ಆಗುವಂತೆ ಇಲ್ಲಿ ದಂಡವೇನೂ ಇಲ್ಲ. ಆದರೆ ದೋಷ ಹಾಗೆಯೇ ಉಳಿಯುತ್ತದೆ.

2022ರಲ್ಲಿ ಕೆಡಿಇಯು ‘ಹದಿನೈದು ನಿಮಿಷದ ದೋಷಗಳು’ ಎಂಬ ಹೆಸರಿನ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಹೊಸ ಬಳಕೆದಾರನು ಮೊದಲ ಹದಿನೈದು ನಿಮಿಷಗಳಲ್ಲಿಯೇ ಎಡವಬಹುದಾದ ದೋಷಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ, ಅವುಗಳ ನಿವಾರಣೆಗೆ ಆದ್ಯತೆ ನೀಡುವುದು ಇದರ ಉದ್ದೇಶ. ಅಂಗಡಿಯ ಹೊಸ್ತಿಲಲ್ಲಿಯೇ ಗಿರಾಕಿ ಎಡವಿದರೆ ಒಳಗಿನ ಸರಕನ್ನು ನೋಡುವುದೇ ಇಲ್ಲವೆಂಬ ವಿವೇಕ ಇದರ ಹಿಂದಿದೆ.

ಬಿಡುಗಡೆಯ ಅನಂತರದ ಲೆಕ್ಕ

ಬಿಡುಗಡೆಯೊಡನೆ ಪರೀಕ್ಷೆ ಮುಗಿಯುವುದಿಲ್ಲ. ಆಗಲೇ ಬಳಕೆದಾರರ ಸಂಖ್ಯೆ ಹೆಚ್ಚುವುದರಿಂದ, ದೋಷ ವರದಿಗಳೂ ಹೆಚ್ಚು. ಪ್ಲಾಸ್ಮಾ ಡೆಸ್ಕ್‌ಟಾಪ್‌ನ ದೋಷ ನಿವಾರಣಾ ಪರಿಷ್ಕರಣೆಗಳಿಗೆ ಒಂದು ಕುತೂಹಲಕರ ವೇಳಾಪಟ್ಟಿಯಿದೆ. ಬಿಡುಗಡೆಯಾಗಿ ಒಂದು ವಾರಕ್ಕೆ ಮೊದಲನೆಯದು, ಮತ್ತೊಂದು ವಾರಕ್ಕೆ ಎರಡನೆಯದು, ಆಮೇಲೆ ಎರಡು, ಮೂರು, ಐದು ವಾರಗಳ ಅಂತರ. 6.0ರ ಸರಣಿಯಲ್ಲಿ 2024ರ ಮಾರ್ಚ್ ಮೊದಲ ವಾರದಲ್ಲಿ, ಅನಂತರ ಮಾರ್ಚ್ 12, ಮಾರ್ಚ್ 26, ಏಪ್ರಿಲ್ 16 ಹಾಗೂ ಮೇ 21ರಂದು ಪರಿಷ್ಕರಣೆಗಳು ಹೊರಬಂದವು.

1, 1, 2, 3, 5 ಎಂಬುದು ಫಿಬೊನಾಚಿ ಶ್ರೇಣಿ. ಹಿಂದಿನ ಎರಡು ಅಂಕಿಗಳನ್ನು ಕೂಡಿದರೆ ಮುಂದಿನದು ಬರುತ್ತದೆ. ಇಟಲಿಯ ಪೀಸಾ ನಗರದ ಈ ಗಣಿತಜ್ಞನು 1202ರಲ್ಲಿ ರಚಿಸಿದ ‘ಲಿಬೆರ್ ಅಬಾಚಿ’ ಗ್ರಂಥವೇ ಭಾರತೀಯ ಅಂಕಿಗಳ ವಾಣಿಜ್ಯೋಪಯೋಗವನ್ನು ಯುರೋಪಿನ ವರ್ತಕರಿಗೆ ತಿಳಿಸಿಕೊಟ್ಟಿತು. ತಂತ್ರಾಂಶದಲ್ಲಿ ಈ ಶ್ರೇಣಿಯ ಬಳಕೆಗೆ ಪ್ರಾಯೋಗಿಕ ಅರ್ಥವಿದೆ. ಆರಂಭದಲ್ಲಿ ದೋಷಗಳು ದಟ್ಟವಾಗಿ ಬರುವುದರಿಂದ ಬೇಗಬೇಗನೆ ಪರಿಹಾರ ಬೇಕು. ಕ್ರಮೇಣ ಅವು ವಿರಳವಾಗುವುದರಿಂದ ಅಂತರ ಹೆಚ್ಚಿದರೂ ನಡೆಯುತ್ತದೆ. ವರ್ತಕರಿಗೆ ಇದರಿಂದ ದೊರೆಯುವ ಸೂಚನೆ ಸರಳ: ಹೊಸ ಆವೃತ್ತಿ ಬಂದ ಮೊದಲ ತಿಂಗಳು ನೋಡುವವರದು, ಮೂರನೆಯ ತಿಂಗಳು ಬಳಸುವವರದು.

ವಿತರಣಾ ಸಂಸ್ಥೆಗಳ ಸ್ವಭಾವವೂ ಇಲ್ಲಿ ಗಣನೀಯ. ದೀರ್ಘಾವಧಿ ಬೆಂಬಲದ ಕುಬುಂಟು 24.04 ಆವೃತ್ತಿ 2024ರ ಏಪ್ರಿಲ್‌ನಲ್ಲಿ ಬಂದರೂ, ಹೊಸ ಪ್ಲಾಸ್ಮಾ 6ರ ಬದಲು ಪಳಗಿದ 5.27 ಅನ್ನೇ ಉಳಿಸಿಕೊಂಡಿತು. ನಿಧಾನಕ್ಕೆ ಹೆಸರಾದ ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ಪ್ಲಾಸ್ಮಾ 6 ಕಾಣಿಸಿಕೊಂಡದ್ದು 2025ರ ಆಗಸ್ಟ್‌ನ ಡೆಬಿಯನ್ 13ರಲ್ಲಿ. ಅದೂ ಪರಿಷ್ಕೃತವಾದ 6.3ರ ರೂಪದಲ್ಲಿ. ಒಂದೇ ಉತ್ಪಾದಕನ ಸರಕು ಒಬ್ಬ ಸಗಟು ವ್ಯಾಪಾರಿಯಲ್ಲಿ ಎರಡು ತಿಂಗಳಿಗೆ, ಮತ್ತೊಬ್ಬನಲ್ಲಿ ಹದಿನೇಳು ತಿಂಗಳಿಗೆ ದೊರೆತಂತಾಯಿತು. ವ್ಯವಹಾರದ ಯಂತ್ರಕ್ಕೆ ಎರಡನೆಯವನೇ ಲೇಸು.

ಪರೀಕ್ಷೆಗೆ ನಿಲುಕದ ಅಪಾಯ

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ 2024ರ ಮಾರ್ಚ್‌ನಲ್ಲಿ ನಡೆದ ಒಂದು ಘಟನೆ ಗಮನಿಸತಕ್ಕದ್ದು. ಪರದೆಯ ಸ್ವರೂಪವನ್ನು ಬದಲಿಸುವ ಅಲಂಕಾರಿಕ ವಿನ್ಯಾಸಗಳನ್ನು ಹೊರಗಿನ ಹವ್ಯಾಸಿಗಳು ರಚಿಸಿ, ಎಲ್ಲರಿಗೂ ದೊರೆಯುವಂತೆ ಕೆಡಿಇಯ ಅಂಗಡಿಯಲ್ಲಿ ಇರಿಸುವ ಪದ್ಧತಿಯಿದೆ. ಅಂತಹ ವಿನ್ಯಾಸವೊಂದನ್ನು ಅಳವಡಿಸಿಕೊಂಡ ಬಳಕೆದಾರರೊಬ್ಬರ ವೈಯಕ್ತಿಕ ಕಡತಗಳೆಲ್ಲ ಅಳಿಸಿಹೋದವು. ಇದು ದುರುದ್ದೇಶದ ಕೃತ್ಯವಾಗಿರಲಿಲ್ಲ. ವಿನ್ಯಾಸದೊಡನೆ ಬಂದ ಆದೇಶವೊಂದರ ದೋಷದಿಂದ ಆದ ಹಾನಿ. ಇಂತಹ ವಿನ್ಯಾಸಗಳು ಬರಿಯ ಚಿತ್ರಗಳಲ್ಲ, ಯಂತ್ರಕ್ಕೆ ಆದೇಶ ನೀಡಬಲ್ಲವು ಎಂಬುದನ್ನು ಬಹುಮಂದಿ ಅರಿತಿರಲಿಲ್ಲ. ಕೆಡಿಇಯವರು ಕೂಡಲೇ ಸಾರ್ವಜನಿಕ ಎಚ್ಚರಿಕೆ ನೀಡಿದರು.

ಹದಿನಾರು ವಾರಗಳ ಪರೀಕ್ಷೆಗೆ ಒಳಪಟ್ಟದ್ದು ಡೆಸ್ಕ್‌ಟಾಪ್, ಹೊರಗಿನವರ ಅಲಂಕಾರವಲ್ಲ. ತೂಕ ನೋಡಿ ಮುದ್ರೆ ಒತ್ತಿದ ಮೂಟೆಗೆ ಮಾತ್ರ ಮುದ್ರೆಯ ಬೆಲೆ. ಪಕ್ಕದಲ್ಲಿಟ್ಟ ಮೂಟೆಗೂ ಅದೇ ನಂಬಿಕೆಯನ್ನು ವಿಸ್ತರಿಸಿದವರು ನಷ್ಟಕ್ಕೆ ಗುರಿಯಾಗುತ್ತಾರೆ. ಆ ಕಡತಗಳು ಮಾರಾಟದ ವಹಿಗಳಾಗಿದ್ದರೆ ಏನಾಗುತ್ತಿತ್ತೆಂದು ಪ್ರತಿಯೊಬ್ಬ ವರ್ತಕನೂ ಯೋಚಿಸಬೇಕು. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಪ್ರಕರಣದ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸಬೇಕಾದ ಕಡೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಕಂಪನಿಗಳಾದರೆ 2013ರ ಕಂಪನಿ ಕಾಯಿದೆಯ 128ನೆಯ ಪ್ರಕರಣದಂತೆ ಎಂಟು ಹಣಕಾಸು ವರ್ಷಗಳ ವಹಿಗಳನ್ನು ಉಳಿಸಿಕೊಳ್ಳಬೇಕು. ತಂತ್ರಾಂಶ ಕೈಕೊಟ್ಟಿತೆಂಬ ಸಮಜಾಯಿಷಿ ಈ ಹೊಣೆಯನ್ನು ತಪ್ಪಿಸದು.

ಕನ್ನಡಕ್ಕೆ ಕನ್ನಡಿಗರೇ ಪರೀಕ್ಷಕರು

2011ರಲ್ಲಿ ಬೆಂಗಳೂರು ಈ ಎರಡೂ ಡೆಸ್ಕ್‌ಟಾಪ್ ಸಮುದಾಯಗಳಿಗೆ ಆತಿಥ್ಯ ನೀಡಿತು. ಮಾರ್ಚ್‌ನಲ್ಲಿ ಭಾರತದ ಮೊದಲ ಕೆಡಿಇ ಸಮ್ಮೇಳನವೂ, ಏಪ್ರಿಲ್ ಆರಂಭದಲ್ಲಿ ಗ್ನೋಮ್ ಏಷ್ಯಾ ಸಮಾವೇಶವೂ ಅಲ್ಲಿ ನಡೆದವು. ಎರಡನೆಯದು ಗ್ನೋಮ್ 3ರ ಬಿಡುಗಡೆಯ ವಾರದಲ್ಲಿಯೇ ನಡೆದುದು ವಿಶೇಷ. ಗಣಕದ ಪರದೆಯ ಪದಗಳನ್ನು ಕನ್ನಡಕ್ಕೆ ತರುವ ಕೆಲಸವೂ ಸ್ವಯಂಸೇವಕರಿಂದ ಎರಡೂ ಕಡೆ ನಡೆದಿದೆ.

ಕನ್ನಡದಲ್ಲಿ ಬಿಲ್ಲು, ರಸೀದಿ, ಪತ್ರ ಸಿದ್ಧಪಡಿಸುವ ಅಂಗಡಿಗಳಿಗೆ ಸಂಬಂಧಿಸಿದ ದೋಷಗಳನ್ನು ಜರ್ಮನಿಯಲ್ಲಿ ಕುಳಿತ ತಂತ್ರಜ್ಞನು ತಾನಾಗಿ ಕಾಣಲಾರ. ಒತ್ತಕ್ಷರ ಕೆಳಗಿನ ಸಾಲಿನಿಂದ ಕತ್ತರಿಸಿ ಹೋಗುವುದು, ಅರ್ಕಾವೊತ್ತು ಸ್ಥಾನಪಲ್ಲಟವಾಗುವುದು, ಪರದೆಯ ಮೇಲೆ ಸರಿಯಿದ್ದ ಹೆಸರು ಮುದ್ರಣದಲ್ಲಿ ಬಿಡಿಬಿಡಿಯಾಗುವುದು ಕನ್ನಡ ಬಲ್ಲವರಿಗೆ ಮಾತ್ರ ದೋಷವಾಗಿ ಕಾಣುತ್ತದೆ. ಎಕ್ಸ್ ವ್ಯವಸ್ಥೆಯಿಂದ ವೇಲ್ಯಾಂಡ್‌ಗೆ ಬದಲಾದಾಗ ಕೀಲಿಮಣೆಯ ಭಾಷಾ ಸಾಧನಗಳು ಡೆಸ್ಕ್‌ಟಾಪ್‌ನೊಡನೆ ಬೆಸೆದುಕೊಳ್ಳುವ ರೀತಿಯೂ ಬದಲಾಯಿತು. ಕನ್ನಡದಲ್ಲಿ ದಿನವೂ ಬೆರಳಚ್ಚು ಮಾಡುವವರು ಬೀಟಾ ಹಂತದಲ್ಲಿಯೇ ಇದನ್ನು ನೋಡಿ ತಿಳಿಸದಿದ್ದರೆ, ಬಿಡುಗಡೆಯಾದ ಮೇಲೆ ಗೊಣಗುವುದಷ್ಟೇ ಉಳಿಯುತ್ತದೆ.

ವರ್ತಕರು ಅನುಸರಿಸಬಹುದಾದ ಕ್ರಮ

ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್‌ಗೆ ಬದಲಾಗಬಯಸುವ ಉದ್ದಿಮೆಗಳು ತಮ್ಮ ಮಟ್ಟದಲ್ಲಿಯೂ ಪರೀಕ್ಷೆಯೊಂದನ್ನು ನಡೆಸುವುದು ಕ್ಷೇಮ.

1. ಯಂತ್ರದಲ್ಲಿ ನಿತ್ಯ ನಡೆಯುವ ಕೆಲಸಗಳ ಪಟ್ಟಿಯನ್ನು ಮೊದಲು ಸಿದ್ಧಪಡಿಸಬೇಕು: ಬಿಲ್ಲು ಮುದ್ರಣ, ಇ-ವೇ ಬಿಲ್, ಜಿಎಸ್‌ಟಿ ವಿವರಗಳ ಸಲ್ಲಿಕೆ, ಬ್ಯಾಂಕ್ ವ್ಯವಹಾರ, ಬಾರ್‌ಕೋಡ್ ಇತ್ಯಾದಿ.

2. ಲೆಕ್ಕದ ತಂತ್ರಾಂಶವನ್ನು ಎಲ್ಲಕ್ಕಿಂತ ಮುಂಚೆ ಪರಿಶೀಲಿಸಬೇಕು. ಟ್ಯಾಲಿ ವಿಂಡೋಸ್‌ಗಾಗಿ ರೂಪಿತವಾದದ್ದು. ಅದನ್ನು ಅವಲಂಬಿಸಿದವರು ಒಂದು ಯಂತ್ರವನ್ನಾದರೂ ಬೆಂಬಲವುಳ್ಳ ವಿಂಡೋಸ್‌ನಲ್ಲಿ ಉಳಿಸಿಕೊಂಡು, ಉಳಿದ ಯಂತ್ರಗಳನ್ನು ಬದಲಿಸುವ ಬಗ್ಗೆ ಆಲೋಚಿಸಬಹುದು. ಬೇರೆ ಲೆಕ್ಕದ ತಂತ್ರಾಂಶವನ್ನು ಆಯ್ದುಕೊಳ್ಳುವ ಕಂಪನಿಗಳು, ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವ ಹಾಗೂ ಅದನ್ನು ನಿಷ್ಕ್ರಿಯಗೊಳಿಸಲು ಬಾರದ ಏರ್ಪಾಡು ಅದರಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಇದು ಕಡ್ಡಾಯ.

3. ಡಿಜಿಟಲ್ ಸಹಿಯ ಟೋಕನ್, ಸ್ಕ್ಯಾನರ್, ಮುದ್ರಕಗಳಿಗೆ ಲಿನಕ್ಸ್ ಚಾಲಕ ತಂತ್ರಾಂಶ ಲಭ್ಯವಿದೆಯೇ ಎಂಬುದನ್ನು ಪೆನ್ ಡ್ರೈವ್ ಪ್ರತಿಯಿಂದ ಅಥವಾ ಬಿಡುವಿರುವ ಹಳೆಯ ಯಂತ್ರದಲ್ಲಿ ನೋಡಬೇಕು. ವಹಿಗಳಿರುವ ಯಂತ್ರ ಪ್ರಯೋಗಶಾಲೆಯಲ್ಲ.

4. ವಹಿಗಳ ಎರಡು ನಕಲುಗಳನ್ನಾದರೂ ಇಟ್ಟುಕೊಳ್ಳಬೇಕು. ಅವುಗಳಲ್ಲಿ ಒಂದು ಅಂಗಡಿಯ ಹೊರಗಿರಬೇಕು. ನಕಲನ್ನು ತೆರೆದು, ತಾಳೆಪಟ್ಟಿ ತೆಗೆದು ನೋಡಿದ ಮೇಲೆಯೇ ಅದನ್ನು ನಕಲೆಂದು ನಂಬಬೇಕು.

5. ಪೂರ್ಣವಾಗಿ ಬದಲಾಗುವ ಮುನ್ನ ಒಂದು ತಿಂಗಳಾದರೂ ಹಳೆಯ ಹಾಗೂ ಹೊಸ ವ್ಯವಸ್ಥೆಗಳನ್ನು ಜೊತೆಯಾಗಿ ನಡೆಸಿ, ತಿಂಗಳ ಕೊನೆಯ ಶಿಲ್ಕುಗಳನ್ನು ತಾಳೆ ನೋಡಬೇಕು. ಮಾರ್ಚ್ ತಿಂಗಳು ಹಾಗೂ ವಿವರ ಸಲ್ಲಿಕೆಯ ಕಡೆಯ ವಾರ ಇದಕ್ಕೆ ತಕ್ಕ ಕಾಲವಲ್ಲ.

6. ದೀರ್ಘಾವಧಿ ಬೆಂಬಲದ ವಿತರಣೆಯನ್ನೇ ಆರಿಸಬೇಕು. ಅಲಂಕಾರಿಕ ವಿನ್ಯಾಸಗಳನ್ನು ಹೊರಗಿನಿಂದ ತರದಿರುವಂತೆ ಸಿಬ್ಬಂದಿಗೆ ಸೂಚಿಸಬೇಕು.

7. ಕಂಡ ದೋಷವನ್ನು ಬರೆದಿಟ್ಟುಕೊಂಡು, ಯೋಜನೆಗೆ ತಿಳಿಸಬೇಕು. ಅದಕ್ಕೆ ತಗಲುವ ಅರ್ಧ ಗಂಟೆಯೇ ಬೆಲೆಯಿಲ್ಲದ ತಂತ್ರಾಂಶಕ್ಕೆ ತೆರುವ ಬೆಲೆ.

ಮುಕ್ತ ತಂತ್ರಾಂಶದ ಗುಣಮಟ್ಟ ಅದನ್ನು ಬರೆದವರಷ್ಟೇ ಅದನ್ನು ಬಳಸಿ ವರದಿ ಮಾಡಿದವರನ್ನೂ ಅವಲಂಬಿಸಿದೆ. 2008ರಲ್ಲಿ ಗಿರಾಕಿಗಳೇ ಅರಿಯದೆ ಪರೀಕ್ಷಕರಾದರು. 2024ರಲ್ಲಿ ಅರಿತವರು ಮುಂದೆ ಬಂದು ಪರೀಕ್ಷಕರಾದುದರಿಂದ, ಉಳಿದವರು ಸಾಕಷ್ಟು ನೆಮ್ಮದಿಯಿಂದ ಗಿರಾಕಿಗಳಾಗಿಯೇ ಉಳಿಯಲು ಸಾಧ್ಯವಾಯಿತು. ಹಾಗೆ ಉಳಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ತಮ್ಮ ವಹಿಗಳ ಮಟ್ಟಿಗೆ ಕಡೆಯ ಪರೀಕ್ಷಕ ಅವುಗಳ ಯಜಮಾನನೇ ಎಂಬುದನ್ನು ಮರೆಯಲಾಗದು.